ಎರಡು ಸೂಜಿಗಳ ನಡುವೆ ನಮ್ಮತ್ತೆ

ಕಳೆದ ವಾರ ಈ ಮೂಲೆ ಖಾಲಿ ಇತ್ತು. ರಂಗಂಪೇಟೆಯ ಓದುಗರೊಬ್ಬರು (ನನ್ನನ್ನು ಹೊಗಳಲು ಇವರು ಒಂದು ಕಾರ್ಡನ್ನೂ ಖರ್ಚು ಮಾಡಿದವರಲ್ಲ) ಕೂಡಲೇ ಸಂಪಾದಕರಿಗೆ ಬರೆದು ಕೇಳಿದ್ದಾರೆ: 'ನಿಮ್ಮ ಶಹಾಪುರದ ಹರಟೆಮಲ್ಲರಿಗೆ ಅಂತೂ ಮಾತು ಮುಗಿಯಿತೇ?'

ಇಲ್ಲ ಮಹರಾಯರೆ, ಮುಗಿದಿಲ್ಲ. ನಾನು ಬಂಧನದಲ್ಲಿದ್ದೆ.

ಬಂಧನ ಎಂದ ಕೂಡಲೇ ಹಾರ ಹಿಡಿದುಕೊಂಡು ಬರಬೇಡಿ. ಈಗಿನ ದಿನಗಳಲ್ಲಿ ಜೈಲಿಗೆ ಹೋಗುವವರು ದೊಡ್ಡ ಎದೆಯವರು. ನಾನು ಹತ್ತಿ ಮಾರಿಸಿಕೊಡುವ ಅಡತ್ತಿ ಅಂಗಡಿಯ ಗುಮಾಸ್ತ. ನನ್ನನ್ನು ಹಿಡಿದು ಕೂರಿಸಿದವರು ನನ್ನ ಅತ್ತೆ. ಕೂರಿಸಿದ್ದು ಅವರ ಮನೆಯ ಹೊರಗಿನ ಕಟ್ಟೆಯ ಮೇಲೆ. ಬಂದ ಅಳಿಯನನ್ನು!

ನಡೆದದ್ದು ಇಷ್ಟು. ಮಣ್ಣೆತ್ತಿನ ಅಮಾವಾಸ್ಯೆಗೆಂದು ನನ್ನ ಹೆಂಡತಿ ಶಾಂತಾ, ನಾಲ್ಕು ವರ್ಷದ ಮಗಳು ನಾಗೂನನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ತವರು ಭೀಮಾ ಹೊಳೆಯ ಈಚೆ ದಂಡೆಯಲ್ಲಿದೆ. ಹರಿಗೋಲು ಹತ್ತಿ ಆಚೆ ದಂಡೆಗೆ ಇಳಿದರೆ ಯಾದಗಿರಿಯ ದಾರಿ. ಸಣ್ಣ ಊರು. (ಹೆಸರು ಬರೆಯುವುದಿಲ್ಲ. ಬರೆದರೆ ಆ ಊರ ಗೌಡರು ಅಡತ್ತಿಗೇ ಬಂದು ನನ್ನನ್ನು ವಿಚಾರಿಸಿಕೊಳ್ಳುತ್ತಾರೆ.) ಹಬ್ಬ ಮುಗಿದು ಮಳೆ ಹಿಡಿದಿತ್ತು. ಶುಕ್ರವಾರ ಅಡತ್ತಿಗೆ ಬಂದ ಗಾಡಿಯವನೊಬ್ಬ ತಂಬಾಕು ತಿಕ್ಕುತ್ತ ಹೇಳಿದ:

"ಹೊಳಿ ದಂಡಿಗೆ ವಾಂತಿಬ್ಯಾನಿ ಬಂದದ್ರಿ. ನಿಮ್ಮ ಬೀಗರ ಊರಿನ ಮ್ಯಾಲಿನ ಊರಾಗ ದಿನಾ ಹೆಣ ಬೀಳಾಕತ್ತಾವ."

ವಾಂತಿಬೇನೆ. ಸರ್ಕಾರಿ ಉರ್ದುವಿನಲ್ಲಿ ಹೈಜಾ, ಡಾಕ್ಟರ ಬಾಯಲ್ಲಿ ಕಾಲರಾ. ಹೆಸರು ಮೂರು, ಕೆಲಸ ಒಂದೇ. ಇವತ್ತು ಹೊಲಕ್ಕೆ ಹೋದ ಮನುಷ್ಯ ನಾಳೆ ಇರುವುದಿಲ್ಲ. ಅದೂ ಮೇಲಿನ ಊರಿನಲ್ಲಿ! ಮೇಲಿನ ಊರವರು ತೊಳೆದ ನೀರನ್ನೇ ತಾನೆ ಕೆಳಗಿನ ಊರವರು ಕುಡಿಯುವುದು?

ಕಾಯುವುದು ನನ್ನ ಸ್ವಭಾವದಲ್ಲಿಲ್ಲ. ಅನ್ನ ಬೇಯುವ ಮೊದಲೇ ಮುಚ್ಚಳ ತೆಗೆದು ನೋಡುವ ಜಾತಿ ನನ್ನದು. ಸಾಹುಕಾರರಿಗೆ ಎರಡು ದಿನದ ರಜೆ ಹೇಳಿ, ಬಾಡಿಗೆ ಗಾಡಿ ಹಿಡಿದು, ಶನಿವಾರ ನಸುಕಿಗೇ ಹೊರಟೆ. ಎರೆಮಣ್ಣಿನ ರಾಡಿಯಲ್ಲಿ ಗಾಡಿ ಎರಡು ಸಲ ಹುಗಿಯಿತು. ಮೊಣಕಾಲ ತನಕ ಕೆಸರು ಹೊತ್ತುಕೊಂಡು ಅತ್ತೆಮನೆ ಮುಟ್ಟಿದೆ. ಬಾಗಿಲಿಗೆ ಬೇವಿನ ಟೊಂಗೆ ಕಟ್ಟಿತ್ತು.

ಒಳಗಿನಿಂದ ಅತ್ತೆಯ ದನಿ ಬಂತು. "ಅಳಿದೇವ್ರ, ಅಲ್ಲೇ ನಿಂದರ್ರಿ. ಒಳಗ ಬರಬ್ಯಾಡ್ರಿ."

"ಯಾಕ್ರಿ? ಏನಾಗ್ಯಾದ? ನಾಗೂಗ ಏನರ..." ಎಂದು ಹೊಸ್ತಿಲ ತನಕ ನುಗ್ಗಿದೆ.

"ನಾಗೂಗ ಏನೂ ಆಗಿಲ್ಲ. ಮನಿಗೆ ತಾಯಿ ಬಂದಾಳ. ಹೊರಗಿನವ್ರು ಹೊಸ್ತಿಲಾ ದಾಟಂಗಿಲ್ಲ."

ಇಲ್ಲಿ ದಕ್ಷಿಣದ ಓದುಗರಿಗಾಗಿ ಎರಡು ಮಾತು. ನಮ್ಮ ಕಡೆ ಸಿಡುಬು ಬಾರದ ಹಾಗೆ ಮಕ್ಕಳ ತೋಳಿಗೆ ಡಾಕು ಚುಚ್ಚಿಸುವುದಕ್ಕೆ 'ದೇವಿ ಹಾಕಿಸುವುದು' ಎನ್ನುತ್ತಾರೆ. ತೋಳು ಬಾತು ಜ್ವರ ಬಂತೋ, ತಾಯಿಯೇ ಮನೆಗೆ ಬಂದಳೆಂದು ಅರ್ಥ. ಬಂದವಳು ದೇವರೂ ಹೌದು, ಊರ ಮಗಳೂ ಹೌದು. ಅವಳಿರುವ ತನಕ ಮನೆಯಲ್ಲಿ ಒಗ್ಗರಣೆ ಸಿಡಿಸುವಂತಿಲ್ಲ. ಕ್ಷೌರ ಇಲ್ಲ. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಊರ ಗಡಿ ದಾಟುವಂತಿಲ್ಲ. ಕೊನೆಗೆ ಒಂದು ದಿನ ಅವಳಿಗೆ ಉಡಿ (ನಿಮ್ಮ ಮಾತಿನಲ್ಲಿ ಮಡಿಲು) ತುಂಬಿ, ಮೆರವಣಿಗೆಯಲ್ಲಿ ಗಡಿ ದಾಟಿಸಿ ಕಳಿಸುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ.

ಈಗ ಆದದ್ದು ಏನೆಂದರೆ, ಹಿಂದಿನ ಗುರುವಾರ ಯಾದಗಿರಿ ಕಡೆಯಿಂದ ಸರ್ಕಾರಿ ಡಾಕ್ಟರೊಬ್ಬರು ಹೊಳೆ ದಾಟಿ ಬಂದಿದ್ದರು. ಸಂತೆಯ ದಿನ, ಊರ ಜನ ಎಲ್ಲ ಸಿಕ್ಕರು. ಬೇನೆ ಮೇಲಿನ ಊರಿಗೆ ಬಂದಿದೆ, ಇಲ್ಲಿಗೆ ಬರುವ ಮೊದಲೇ ತಡೆಯೋಣ ಎಂದು ತೋಳಿಗೆ ಕಾಲರಾ ಇಂಜೆಕ್ಷನ್ ಕೊಟ್ಟರು. ಸಂಜೆಗೆ ತೋಳುಗಳು ಬಾತವು. ಮೈ ಬೆಚ್ಚಗಾಯಿತು. ಊರು ತೀರ್ಮಾನಿಸಿಯೇ ಬಿಟ್ಟಿತು: ತಾಯಿ ಬಂದಾಳ!

ಸಿಡುಬಿನ ತಾಯಿಗೂ ಕಾಲರಾ ಸೂಜಿಗೂ ಏನು ಸಂಬಂಧ? ಏನೂ ಇಲ್ಲ. ಆದರೆ ಊರಿಗೆ ಊರೇ ಬಾಗಿಲಿಗೆ ಬೇವು ಕಟ್ಟಿಕೊಂಡು ಕೂತಾಗ ಅದನ್ನು ಹೇಳುವವರು ಯಾರು?

ನಾನಂತೂ ಹೇಳಲಿಲ್ಲ. ಕಟ್ಟೆಯ ಮೇಲೆ ಚಾಪೆ ಬಿತ್ತು. ಹೋಳಿಗೆ ತಿನ್ನುವ ಅಳಿಯನಿಗೆ ಜೋಳದ ನುಚ್ಚು, ಮಜ್ಜಿಗೆ. ಒಗ್ಗರಣೆ ಇಲ್ಲದ ಬೇಳೆ. ಶಾಂತಾ ಹೊಸ್ತಿಲ ಒಳಗೆ ನಿಂತು ನಕ್ಕಳು. ನಾಗೂ ತೋಳು ತೋರಿಸಿ, "ಅಪ್ಪಾ, ಇಲ್ಲಿ ತಾಯಿ ಕುಂತಾಳ, ಮುಟ್ಟಬ್ಯಾಡ" ಎಂದಳು. ಮಗು ಆಡುತ್ತಿತ್ತು, ನನಗೆ ಅಷ್ಟೇ ಸಾಕಾಗಿತ್ತು.

"ಅತ್ತಿಯವ್ರ," ಅಂದೆ, "ಸೂಜಿ ಆಗ್ಯಾದಲ್ಲ. ನಾಳಿ ಮುಂಜಾನಿ ಇವ್ರನ್ನ ಕರಕೊಂಡು ಹೊಂಡ್ತೀನಿ."

"ಎಲ್ಲಿ ಆಗ್ಯಾದ? ಒಂದಾಗ್ಯಾದ. ಡಾಕ್ಟರ್ ಸಾಹೇಬ್ರು ಮುಂದಿನ ಸಂತಿಗೆ ಮತ್ತ ಬರ್ತಾರ. ಎರಡನೇದು ಆದ್ರನ ಕಾವಲು ಪೂರಾ ಅಂತ ಹೇಳ್ಯಾರ."

"ಎರಡನೇದು ಶಹಾಪುರದಾಗ ಹಾಕಸ್ತೀನಿ."

"ಅಲ್ಲಿ ದವಾಖಾನಿಗೆ ಔಷಧ ಬಂದದೇನ್ರಿ?"

ಬಂದಿರಲಿಲ್ಲ. ಲಡಾಯಿಯ ದಿನಗಳು. ಸಕ್ಕರೆಗೆ ಕಾಯಬೇಕು, ಸೀಮೆಎಣ್ಣೆಗೆ ಕಾಯಬೇಕು, ಧೋತರಕ್ಕೆ ಕಾಯಬೇಕು. ಔಷಧಕ್ಕೂ ಸಾಲು. "ಇವತ್ತ ನಾಳಿ ಬರ್ತದಂತ," ಎಂದೆ.

"ಬರ್ತದಂತ ಅನ್ನೋ ಔಷಧ ತೋಳಿಗೆ ಹತ್ತಂಗಿಲ್ರಿ." ಅತ್ತೆ ತಟ್ಟೆ ತೆಗೆದುಕೊಂಡು ಒಳಗೆ ಹೋದರು. "ಮತ್ತ ಶಹಾಪುರದ ದಾರಿ ಮ್ಯಾಲಿನ ಊರ ಹಾದು ಹೋಗ್ತದ. ನಡುವ ಕೂಸು ನೀರು ಕೇಳಿದ್ರ ಎಲ್ಲಿ ಕುಡಸ್ತೀರಿ?"

ಈ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿದ್ದರೆ ಬರೆದು ಕಳಿಸಿ. ನಾನು ಸಾಹುಕಾರರಿಗೆ ಸುದ್ದಿ ಮುಟ್ಟಿಸಲು ಹೇಳಿ, ಖಾಲಿ ಗಾಡಿಯನ್ನೇ ವಾಪಸು ಕಳಿಸಿದೆ.

ಅಂತೂ ಸಂತೆಯ ತನಕ ಕಟ್ಟೆಯೇ ಗತಿ ಎಂದಾಯಿತು. ಅಳಿಯಂದಿರು ಅತ್ತೆಯನ್ನು ಹೊಗಳುವುದು ನಮ್ಮಲ್ಲಿ ರೂಢಿಯಿಲ್ಲ, ಗೊತ್ತು. ಆದರೂ ಕೇಳಿ. ಆ ಹೆಂಗಸಿನ ಹೆಸರು ಶಿವಮ್ಮ. ಹಿಂದೊಮ್ಮೆ ಊರಿಗೆ ಪ್ಲೇಗು ಬಂದಾಗ ಮಾವ ಹೋದರು. ಶಾಂತಾ ಆಗ ತೊಟ್ಟಿಲಲ್ಲಿದ್ದಳು. ಅಂದಿನಿಂದ ಎರಡು ಎಕರೆ ಹೊಲ, ಒಂದು ಎಮ್ಮೆ, ಒಂದು ನಾಲಿಗೆ, ಇಷ್ಟರ ಮೇಲೆ ಸಂಸಾರ ಎಳೆದವರು. ನಾಲಿಗೆಯ ಪರಿಚಯ ನನಗೆ ಮದುವೆಯಲ್ಲೇ ಆಗಿತ್ತು. ಉಳಿದದ್ದರ ಪರಿಚಯ ಈಗ ಆಯಿತು.

ಕಾಯುವುದೆಂದರೆ ಸುಮ್ಮನೆ ಕೂರುವುದು ಎಂದುಕೊಂಡಿದ್ದೆ. ನಮ್ಮತ್ತೆ ಕಾದ ರೀತಿ ನೋಡಬೇಕಿತ್ತು ನೀವು! ಬೆಳಗಾದರೆ ದೊಡ್ಡ ಹಂಡೆಯಲ್ಲಿ ಹೊಳೆಯ ನೀರು ಕುದಿಸುವುದು. "ತಾಯಿ ಮನಿಯಾಗ ಇದ್ದಾಗ ಹಸಿ ನೀರು ಬಾಯಿಗೆ ಹಾಕಬಾರದು" ಎಂದು ನೆರೆಮನೆಗೆ ಹೇಳುವುದು. ನೆರೆಮನೆಯವರು ಅದರ ನೆರೆಮನೆಗೆ. ಎರಡೇ ದಿನದಲ್ಲಿ ಓಣಿಯ ಎಲ್ಲ ಒಲೆಯ ಮೇಲೂ ನೀರು ಕುದಿಯುತ್ತಿತ್ತು.

"ಈ ನೇಮ ಯಾವ ಶಾಸ್ತ್ರದಾಗ ಅದರಿ?" ಎಂದು ಕಟ್ಟೆಯಿಂದ ಕೆಣಕಿದೆ. ದೇವಿ ಹಾಕಿಸಿದಾಗ ಒಗ್ಗರಣೆ ಬಿಟ್ಟದ್ದು ಕೇಳಿದ್ದೆ, ನೀರು ಕುದಿಸಿದ್ದು ಕೇಳಿರಲಿಲ್ಲ.

"ನಮ್ಮನಿ ಶಾಸ್ತ್ರದಾಗ ಅದ."

"ಅದು ಡಾಕ್ಟರ್ ಹೇಳಿದ ಮಾತಲ್ಲೇನು?"

"ಡಾಕ್ಟರ್ ಹೇಳಿದ್ರ ಒಂದಿನ ಕುದಸ್ತಾರ. ತಾಯಿ ಹೇಳಿದ್ರ ಅಕಿ ಹೋಗಾತನಕ ಕುದಸ್ತಾರ. ಆ ಡಾಕ್ಟರನ್ನ ಇಲ್ಲಿಗೆ ಕಳಿಸಿದಾಕಿ ಯಾರು? ತಾಯಿನೇ ಅಲ್ಲೇನು?"

ನಾನು ನುಚ್ಚು ಉಂಡೆ. ಬುದ್ಧಿವಂತ ಅಳಿಯ ಅಲ್ಲಿಗೆ ಬಾಯಿ ಮುಚ್ಚುತ್ತಾನೆ.

ಕಟ್ಟೆಯ ಮೇಲಿನ ನನ್ನನ್ನು ನೋಡಿ ಅತಿ ಹೆಚ್ಚು ಸಂತೋಷಪಟ್ಟವನು ಅಂಬಿಗರ ಭೀಮಣ್ಣ. ಊರಿಗೆ ಹರಿಗೋಲು ಹಾಕುವವನು ಅವನೇ. ಎತ್ತರದ ಆಳು, ಬಾಯಿ ತೆರೆದರೆ ನಗೆ. ಶನಿವಾರ ಇಳಿಹೊತ್ತು ಹುಟ್ಟು ಹೆಗಲ ಮೇಲಿಟ್ಟುಕೊಂಡು ನಿಂತು, "ಏನ್ರಿ ಅಳಿಯಾ ಸಾಹೇಬ್ರ, ಹೊರಗ ಹಾಕ್ಯಾರ? ನಮ್ಮ ಹರಗೋಲಿಗೆ ಬರ್ರಿ, ಅಲ್ಲಿ ನಿಮ್ಮನ್ನ ಯಾರೂ ತಡ್ಯಾಂಗಿಲ್ಲ" ಎಂದ.

"ನೀ ಎಲ್ಲಿ ಹೊಂಟಿಯೋ?" ಒಳಗಿನಿಂದ ಅತ್ತೆ ಕೇಳಿದರು.

"ಮ್ಯಾಲಿನ ಊರಿಗೆ ಅತ್ತಿ. ತಂಗಿ ಮನ್ಯಾಗ ಸಾವಾಗ್ಯಾದ. ಮಾತಾಡ್ಸಿ ಬರ್ತೀನಿ."

"ತಾಯಿ ಹೋಗಾತನಕ ಗಡಿ ದಾಟಬ್ಯಾಡೋ ಎಪ್ಪಾ."

"ನನಗೂ ಒಂದು ಸೂಜಿ ಆಗ್ಯಾದಲ್ಲ ಅತ್ತಿ, ನೋಡಿಲ್ಲಿ." ತೋಳು ತಟ್ಟಿ ತೋರಿಸಿದ. "ಇನ್ನ ನನಗೇನಾಗ್ತದ?"

ಹೋದ. ಹೋಗದೆ ಹೇಗಿದ್ದಾನು? ಸ್ವಂತ ತಂಗಿ. ಭಾನುವಾರ ಬಂದ. ಸಾವಿನ ಮನೆಯಲ್ಲಿ ಉಂಡಿದ್ದ, ನೀರು ಕುಡಿದಿದ್ದ. ಸೋಮವಾರ ಮಧ್ಯಾಹ್ನ ವಾಂತಿ ಹತ್ತಿತು. ಮಂಗಳವಾರ ಹೊತ್ತು ಹುಟ್ಟುವ ಮೊದಲೇ ಭೀಮಣ್ಣ ಇರಲಿಲ್ಲ. ಅವನ ಹೆಂಡತಿ ಅಂಬವ್ವ ಅಳುವ ದನಿ ನಮ್ಮ ಕಟ್ಟೆಗೆ ಕೇಳುತ್ತಿತ್ತು. ನಗುತ್ತ ನನ್ನನ್ನು ಹರಿಗೋಲಿಗೆ ಕರೆದ ಮನುಷ್ಯ! ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಾಗೂನ ಕಡೆ ನೋಡಿದೆ. ಅವಳಿಗೂ ಆದದ್ದು ಒಂದೇ ಸೂಜಿ ತಾನೆ?

ನಮ್ಮತ್ತೆ ಸಾವಿನ ಮನೆಗೆ ಹೋದರು. ನಾನು ಬೇಡ ಎಂದೆ, ಶಾಂತಾ ಬೇಡ ಎಂದಳು. ಕೇಳಲಿಲ್ಲ. ಅಲ್ಲಿ ಅಂಬವ್ವನ ಪಕ್ಕ ಗೋಡೆಗೆ ಒರಗಿ ಕೂತರಂತೆ. ಸತ್ತವನ ಬಟ್ಟೆಬರೆಯನ್ನು ಹೊಳೆಗೆ ಬಿಡುವುದು ಪದ್ಧತಿ. ಅದನ್ನು ಮಾತ್ರ ತಡೆದು, ಊರ ಹೊರಗೆ ಸುಡಿಸಿದರಂತೆ. ಬಂದು ಬಿಸಿನೀರು ಹಾಕಿಕೊಂಡು ಮಿಂದು ಒಳಗೆ ಹೋದರು.

ಆವತ್ತೇ ಸಂಜೆ ಹಣಮಪ್ಪನ ಗುಡಿಯ ಮುಂದೆ ಊರು ಸೇರಿತು. ನಾನು ಗಂಡಸರ ಹಿಂದೆ ನಿಂತಿದ್ದೆ. ಗೌಡರು ಕೆಟ್ಟವರಲ್ಲ, ಹೆದರಿದವರು. ಹೆದರಿದ ದೊಡ್ಡ ಮನುಷ್ಯರ ದನಿ ಯಾವಾಗಲೂ ಜೋರು.

"ಸೂಜಿ ಹಾಕಿಸ್ಕೊಂಡಾವನ ಹೋದ," ಅಂದರು. "ಅಂದ್ರ ಏನಾತು? ತಾಯಿಗೆ ಸಿಟ್ಟು ಬಂದದ. ಇವತ್ತ ಮಂಗಳವಾರ, ಅಕಿ ವಾರ. ಇವತ್ತ ಉಡಿ ತುಂಬಿ ಗಡಿ ದಾಟಿಸಿ ಬಿಡೂಣು. ಒಮ್ಮಿ ಕಳಿಸಿದ ಮ್ಯಾಲ ಮತ್ತ ತೋಳಿಗೆ ಚುಚ್ಚಿಸ್ಕೊಂಡು ಅಕಿನ್ನ ತಿರುಗಿ ಕರಿಯಾಕ ಬರಂಗಿಲ್ಲ. ಡಾಕ್ಟರ್ ಬರೋದು ಬ್ಯಾಡ."

ಜನ ಹೌದು ಹೌದು ಎಂದರು. ಗುರುವಾರಕ್ಕೆ ಇನ್ನು ಎರಡೇ ದಿನ! ಊರು ಬೇಡವೆಂದರೆ ಡಾಕ್ಟರು ಒಂದು ಮನೆಗಾಗಿ ಹೊಳೆ ದಾಟುತ್ತಾರೆಯೇ? ದಾಟಿದರೂ ಒಂದೇ ಮನೆಗೆ ಸೂಜಿ ಬಿದ್ದರೆ ಏನು ಬಂತು? ಹೊಳೆ ಎಲ್ಲರದೂ ಒಂದೇ ಅಲ್ಲವೇ? ಬಾಯಿ ತೆರೆಯಬೇಕೆಂದುಕೊಂಡೆ. ಅಷ್ಟರಲ್ಲಿ ಗುಡಿಯ ಕಟ್ಟೆಯ ಕೆಳಗಿನಿಂದ ಒಂದು ಹೆಣ್ಣು ದನಿ ಬಂತು.

"ಗೌಡ್ರ, ನಂದೊಂದು ಮಾತದ."

ನಮ್ಮತ್ತೆ! ತಲೆಯ ಮೇಲೆ ಸೆರಗು ಹೊದ್ದು, ಗಂಡಸರ ಸಭೆಯ ಅಂಚಿಗೆ ಬಂದು ನಿಂತಿದ್ದರು.

"ತಾಯಿ ನಮ್ಮೂರ ಮಗಳು ಹೌದಲ್ರಿ?"

"ಹೌದು. ಅದಕ್ಕ ಏನೀಗ?"

"ನಿಮ್ಮನಿ ಮಗಳನ್ನ, ಊರಾಗ ಹೆಣ ಬಿದ್ದ ದಿನ ಉಡಿ ತುಂಬಿ ಕಳಸ್ತೀರೇನು?"

ಗೌಡರು ರುಮಾಲು ಸರಿಮಾಡಿಕೊಂಡರು. ಯಾರ ಮನೆಯಲ್ಲಾದರೂ ಕೇಳಿ ನೋಡಿ, ಸಾವಿನ ದಿನ ಉಡಿ ತುಂಬುವ ಮಾತೇ ಎತ್ತುವುದಿಲ್ಲ.

"ಭೀಮಣ್ಣ ನಮ್ಮೆಲ್ಲರ್ನೂ ದಂಡಿಗೆ ಮುಟ್ಟಿಸಿದಾವ. ಅವನ ಮೂರನೇ ದಿನದ ಎಡಿ ಆಗ್ಲಿ. ಅಲ್ಲಿತನಕ ಊರು ಸೂತಕದಾಗ ಅದ. ಮೂರನೇ ದಿನ ಯಾವತ್ತು ಬರ್ತದ, ನೀವ ಲೆಕ್ಕ ಹಾಕ್ರಿ."

ಜನ ಬೆರಳು ಮಡಿಚಿದರು. ನಾನೂ ಮಡಿಚಿದೆ. ಮಂಗಳವಾರ, ಬುಧವಾರ, ಗುರುವಾರ. ಸಂತೆಯ ದಿನ! ಡಾಕ್ಟರ ದಿನ! ನನಗೆ ಶಿಳ್ಳೆ ಹೊಡೆಯಬೇಕೆನಿಸಿತು. (ಅಳಿಯಂದಿರು ಶಿಳ್ಳೆ ಹೊಡೆಯುವುದಿಲ್ಲ, ಸುಮ್ಮನಿದ್ದೆ.)

ಗೌಡರಿಗೂ ಅರ್ಥವಾಯಿತು. ಮುಖ ಕೆಂಪಾಯಿತು. "ಶಿವಮ್ಮ, ಉಡಿ ತುಂಬಾದು ಮುತ್ತೈದೆರ ಕೆಲಸ. ನೀ ತುಂಬಾಕಿ ಅಲ್ಲ. ಅದು ಯಾವಾಗ ಆಗ್ಬೇಕು ಅನ್ನೋದು ನಿನಗ್ಯಾಕ ಬೇಕು?"

ವಿಧವೆಯ ಮುಖಕ್ಕೆ, ಇಡೀ ಊರಿನ ಮುಂದೆ ಹೇಳುವ ಮಾತೇ ಇದು? ಅತ್ತೆಯ ದನಿ ಮಾತ್ರ ಒಂದಿಷ್ಟೂ ಏರಲಿಲ್ಲ.

"ಖರೇ ಅದ ಗೌಡ್ರ. ನಾ ತುಂಬಾಕಿ ಅಲ್ಲ. ತುಂಬೋ ಕೈಗೋಳು ಉಳೀಲಿ ಅಂತ ಹೇಳಾಕತ್ತೇನಿ."

ಗುಡಿಯ ಹಿಂದೆ ನಿಂತ ಹೆಂಗಸರಲ್ಲಿ ಯಾರೋ ಬಿಕ್ಕಿದರು. ಆ ಸಭೆಯಲ್ಲಿದ್ದ ಪ್ರತಿಯೊಬ್ಬನ ಮನೆಯಲ್ಲೂ ಉಡಿ ತುಂಬುವ ಒಂದು ಜೊತೆ ಕೈ ಇತ್ತು, ಗೌಡರ ಮನೆಯಲ್ಲೂ ಇತ್ತು.

"ಗುರುವಾರ ಆಗ್ಲಿ," ಅಂದರು ಗೌಡರು ಕೊನೆಗೆ. "ಆದ್ರ ಉಡಿ ಮಾತು ಬ್ಯಾರೆ, ಸೂಜಿ ಮಾತು ಬ್ಯಾರೆ. ಹರಗೋಲು ಹಾಕಾವ ಇಲ್ಲ. ಡಾಕ್ಟರ್ ಹ್ಯಾಂಗ ಬರ್ತಾನ ನೋಡೂಣು."

ಬಂದರು. ಗುರುವಾರ ಬೆಳಗ್ಗೆ ಆಚೆ ದಂಡೆಯಲ್ಲಿ ಕೊಡೆ ಹಿಡಿದು, ಚರ್ಮದ ಬ್ಯಾಗು ಹಿಡಿದು ನಿಂತಿದ್ದರು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಈಚೆ ದಂಡೆಯಲ್ಲಿ ಭೀಮಣ್ಣನ ಹರಿಗೋಲು ಬೋರಲು ಬಿದ್ದಿತ್ತು. ಹುಟ್ಟು ಹಾಕಲು ಬರುವ ಗಂಡಸರು ಅಲ್ಲಿ ಬೇಕಾದಷ್ಟಿದ್ದರು. ಎಲ್ಲರೂ ಗೌಡರ ಮುಖ ನೋಡುತ್ತಿದ್ದರು. ಗೌಡರು ಮೋಡ ನೋಡುತ್ತಿದ್ದರು.

ಡಾಕ್ಟರು ಕೈ ಬೀಸಿದರು, ಕೂಗಿದರು. ಕೂತರು, ಎದ್ದರು. ಮತ್ತೆ ಕೂಗಿದರು. ನನಗೆ ತಡೆಯಲಾಗಲಿಲ್ಲ. "ನಾ ಹೋಗ್ತೀನಿ" ಎಂದು ಧೋತರ ಎತ್ತಿ ಕಟ್ಟಿದೆ. ಹುಟ್ಟನ್ನು ಯಾವ ಕಡೆಯಿಂದ ಹಿಡಿಯಬೇಕೆಂಬುದೇ ನನಗೆ ಗೊತ್ತಿಲ್ಲವೆಂಬುದು ಬೇರೆ ಮಾತು.

"ಕುಂದರ್ರಿ ಅಳಿದೇವ್ರ," ಎಂದರು ಅತ್ತೆ. "ನಿಮ್ಮನ್ನ ಹೊಳಿಗೆ ಕೊಟ್ಟು, ಮಗಳಿಗೆ ಏನಂತ ಹೇಳ್ಲಿ?"

ಆಗ ಜನ ಸರಿದರು. ಅಂಬವ್ವ ಬರುತ್ತಿದ್ದಳು. ಗಂಡನ ಮೂರನೆಯ ದಿನದ ಎಡೆ ಆಗಷ್ಟೇ ಮುಗಿದಿತ್ತು. ಸತ್ತವನ ಹೆಂಡತಿ ಇಷ್ಟು ಬೇಗ ಮನೆ ಬಿಟ್ಟು ಬರುವುದೆಂದರೇನು! ಒಂದಿಬ್ಬರು ಮುದುಕಿಯರು ಬಾಯಿಗೆ ಸೆರಗು ಹಿಡಿದರು. ಅವಳು ಯಾರನ್ನೂ ನೋಡಲಿಲ್ಲ. ನೇರ ಹರಿಗೋಲಿನ ಹತ್ತಿರ ಹೋಗಿ, ಬಾಗಿ, ಅದನ್ನು ಹೊರಳಿಸಿದಳು.

"ಅಂಬವ್ವಾ, ಏನ್ ಮಾಡಾಕತ್ತಿ?" ಗೌಡರು ಕೂಗಿದರು.

"ಅವ ಎರಡನೇದಕ್ಕ ಕಾಯಲಿಲ್ಲ," ಎಂದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. "ಕಾದವ್ರಿಗರ ಸಿಗಲಿ."

ನಮ್ಮತ್ತೆ ಹೋಗಿ ಹರಿಗೋಲಿನಲ್ಲಿ ಕೂತರು. ಇಬ್ಬರು ಹೆಂಗಸರನ್ನು ಹೊತ್ತು ಹರಿಗೋಲು ಕೆಂಪು ನೀರಿನ ಮೇಲೆ ತಿರುಗುತ್ತ ತಿರುಗುತ್ತ ಹೋಯಿತು. ಅಂಬಿಗರ ಹೆಣ್ಣುಮಗಳು, ಹುಟ್ಟು ಹಾಕಲು ಯಾರೂ ಕಲಿಸಬೇಕಿರಲಿಲ್ಲ. ನಡುಹೊಳೆಯಲ್ಲಿ ಒಂದು ಸಲ ಸೆಳವಿಗೆ ಸಿಕ್ಕಿದಾಗ ಈಚೆ ದಂಡೆ ಪೂರ್ತಿ ಉಸಿರು ಹಿಡಿಯಿತು. ಶಾಂತಾ ನನ್ನ ತೋಳು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ಸೂಜಿ ಚುಚ್ಚಿಸಿಕೊಂಡಿದ್ದರೇ ವಾಸಿ ಇತ್ತು.

ಆಚೆ ದಂಡೆಗೆ ಕಾಲಿಡದೆಯೇ (ಗಡಿ ದಾಟಬಾರದಲ್ಲ!) ಡಾಕ್ಟರನ್ನು ಹತ್ತಿಸಿಕೊಂಡು ಕರೆತಂದರು. ಹೈದರಾಬಾದಿನ ಕಡೆಯ ಹುಡುಗ, ಮೀಸೆ ಈಗಷ್ಟೇ ದಪ್ಪವಾಗುತ್ತಿದೆ. ಕನ್ನಡ ಅರ್ಧ, ದಖನಿ ಅರ್ಧ. ಮೊದಲ ತೋಳು ಅಂಬವ್ವನದು, ಎರಡನೆಯದು ನಮ್ಮತ್ತೆಯದು, ಮೂರನೆಯದು ನಾಗೂನದು. ನಾಗೂ ಊರು ಹಾರಿಹೋಗುವ ಹಾಗೆ ಅತ್ತಳು. ಅಷ್ಟು ಹಿತವಾದ ಅಳು ನಾನು ಕೇಳಿಲ್ಲ. ಆಮೇಲೆ ಸಾಲು ತಾನಾಗಿ ನಿಂತಿತು. ಕಟ್ಟಕಡೆಗೆ, ಎಲ್ಲರದೂ ಮುಗಿದ ಮೇಲೆ, ಗೌಡರು ಬಂದು ಅಂಗಿಯ ತೋಳು ಏರಿಸಿದರು. "ಊರು ಹಾಕಿಸ್ಕೊಂಡ ಮ್ಯಾಲ ನಾ ಒಬ್ಬಾವ ಯಾಕ ಬಿಡ್ಲಿ?" ಎಂದರು. ಸೂಜಿ ಕಂಡು ಅವರು ಕಣ್ಣು ಮುಚ್ಚಿದ್ದನ್ನು ನೋಡಿದವನು ನಾನೊಬ್ಬನೇ ಅಲ್ಲ.

ಶಹಾಪುರದವನಾದ ನನಗೂ ಮೊದಲ ಸೂಜಿ ಬಿತ್ತು. ತೋಳು ಉಜ್ಜಿಕೊಳ್ಳುತ್ತ ಡಾಕ್ಟರನ್ನು ಕೇಳಿದೆ: "ಎರಡನ್ನೂ ಒಂದೇ ದಿನ ಕೊಟ್ಟು ಬಿಟ್ಟರೆ ಈ ತಾಪತ್ರಯ ಇಲ್ಲವಲ್ಲ ಸಾಹೇಬ್ರೆ?"

ಅವರು ನಕ್ಕರು. "ಜಲ್ದೀ ಭೀ ನಕ್ಕೋ, ದೇರ್ ಭೀ ನಕ್ಕೋ. ಅವಸರವೂ ಬೇಡ, ತಡವೂ ಬೇಡ. ಮೊದಲ ಸೂಜಿ ಮೈಗೆ ದುಶ್ಮನ್‌ನ ಪರಿಚಯ ಮಾಡಿ ಕೊಡ್ತದೆ. ಗುರುತು ಹಿಡೀಲಿಕ್ಕೆ ಮೈಗೆ ಟೈಂ ಬೇಕು. ಆಮೇಲೆ ಎರಡನೇದು. ಅಷ್ಟರ ತನಕ ಹೋಷಿಯಾರ್ ಇರಬೇಕು."

ಬೇಸಾಯದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಮಳೆ ಬಿದ್ದ ಮರುಗಳಿಗೆಗೇ ಬಿತ್ತಿದವನಿಗೂ ಬೆಳೆ ಇಲ್ಲ, ಹದ ಆರಿದ ಮೇಲೆ ಬಿತ್ತಿದವನಿಗೂ ಇಲ್ಲ. ಭೂಮಿಗೆ ಕಾಯುತ್ತೇವೆ. ನಮ್ಮ ಮೈಗೆ ಮಾತ್ರ ಕಾಯಲಾರೆವು.

ಇಳಿಹೊತ್ತಿಗೆ ತಾಯಿಯನ್ನು ಕಳಿಸುವ ಸಂಭ್ರಮ. ಹಸಿರು ಸೀರೆ, ಬಳೆ, ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು. ಬಾತ ತೋಳುಗಳನ್ನು ನೋವಿನಿಂದ ಎತ್ತುತ್ತ ಮುತ್ತೈದೆಯರು ಉಡಿ ತುಂಬಿದರು. ಶಾಂತಾಳೂ ತುಂಬಿದಳು. ಹಲಗೆ ಬಡಿಯಿತು, ಮೆರವಣಿಗೆ ಗಡಿಯ ಕಡೆಗೆ ಹೊರಟಿತು. ನಮ್ಮತ್ತೆ ಮತ್ತು ಅಂಬವ್ವ ದೂರದಲ್ಲಿ, ಒಂದು ಬೇವಿನ ಮರದ ಬುಡದಲ್ಲಿ ನಿಂತಿದ್ದರು. ಯಾವುದನ್ನೂ ಮುಟ್ಟಲಿಲ್ಲ, ಮುಟ್ಟುವಂತಿರಲಿಲ್ಲ. ಅತ್ತೆ ಬಾಯೊಳಗೇ ಏನೋ ಎಣಿಸುತ್ತಿದ್ದರು. ಹಾದುಹೋಗುತ್ತಿದ್ದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತಿದ್ದರು ಎಂದು ಹತ್ತಿರ ಹೋದ ಮೇಲೆ ಗೊತ್ತಾಯಿತು.

ನಾನು ಬಗ್ಗಿ ಅವರ ಕಾಲು ಮುಟ್ಟಿದೆ.

"ಏನಿದು ಅಳಿದೇವ್ರ?" ಹೌಹಾರಿ ಹಿಂದೆ ಸರಿದರು. "ಜ್ವರ ಬಂದದೇನು?"

ಶುಕ್ರವಾರ ಮಗಳನ್ನು ಕಳಿಸುವುದಿಲ್ಲವೆಂದು ಇನ್ನೊಂದು ದಿನ ನಿಲ್ಲಿಸಿಕೊಂಡರು. ಒಗ್ಗರಣೆ ಹಾಕಿದ ಬೇಳೆ, ಹೋಳಿಗೆ, ಈ ಸಲ ಹೊಸ್ತಿಲ ಒಳಗೆ ಮಣೆಯ ಮೇಲೆ. ಶನಿವಾರ ಕೆಳಗಿನ ಸುತ್ತುದಾರಿ ಹಿಡಿದು ಊರು ಸೇರಿದೆವು. ಕುದಿಸಿ ಆರಿಸಿದ ನೀರಿನ ಒಂದು ದೊಡ್ಡ ಬಿಂದಿಗೆ ಗಾಡಿಯಲ್ಲಿ ನಮ್ಮ ಜೊತೆ ಬಂತು. ನಾಗೂ ಚೆನ್ನಾಗಿದ್ದಾಳೆ. ಆ ಊರಿನಿಂದ ನಿನ್ನೆ ಬಂದ ಗಾಡಿಯವನು, ಭೀಮಣ್ಣನ ನಂತರ ಯಾರಿಗೂ ಬೇನೆ ಬಂದಿಲ್ಲ ಎಂದ. ಈಗ ಅಂಬವ್ವನೇ ಹರಿಗೋಲು ಹಾಕುತ್ತಾಳಂತೆ. ಗೌಡರೇ ಮೊದಲು ಹತ್ತಿದರಂತೆ.

ಆದರೆ ಒಂದು ಮಾತು ಬರೆಯದೆ ಈ ಮೂಲೆ ಮುಗಿಸಲಾರೆ. ಗುರುವಾರ ಡಾಕ್ಟರು ತಿರುಗಿ ಹರಿಗೋಲು ಹತ್ತುವ ಮುಂಚೆ, ಮೇಲಿನ ಊರಿನ ಸುದ್ದಿ ಕೇಳಿದ್ದೆ. ಅಲ್ಲಿ ಮೊದಲ ಸೂಜಿ ಇವರಿಗಿಂತ ಒಂದು ಸಂತೆ ಮೊದಲೇ ಆಗಿತ್ತಂತೆ. ಎರಡನೆಯದಕ್ಕೆ ಹೋದಾಗ ಬಾಗಿಲುಗಳು ಹಾಕಿದ್ದವಂತೆ. ತಾಯಿಯನ್ನು ಗಡಿ ದಾಟಿಸಿ ಆಯಿತು, ಇನ್ನು ಸೂಜಿ ಬೇಡ ಎಂದರಂತೆ. "ಔಷಧ ಅದೇ, ಡಾಕ್ಟರ್ ಅದೇ," ಎಂದರು ಆ ಹುಡುಗ, ಖಾಲಿ ಸೀಸೆಗಳನ್ನು ಬ್ಯಾಗಿಗೆ ತುಂಬುತ್ತ. "ಅಲ್ಲಿ ಈ ಅಮ್ಮಾ ಇರಲಿಲ್ಲ." ಮೇಲಿನ ಊರಿನಲ್ಲಿ ಇವತ್ತಿಗೂ ಬೇನೆ ನಿಂತಿಲ್ಲ.

ಔಷಧದ ಪೆಟ್ಟಿಗೆ ರೈಲಿನಲ್ಲಿ ಯಾದಗಿರಿಗೆ ಬರುತ್ತದೆ, ಸರಿ. ಮೇಲಿನ ಊರಿಗೊಬ್ಬ ಶಿವಮ್ಮ ಯಾವ ರೈಲಿನಲ್ಲಿ ಬರಬೇಕಿತ್ತು?